ಚಾಂಪಿಯನ್ ಕಪ್ಪೂ ಒಂದು ಬುಟ್ಟಿ ಮಣ್ಣೂ

ನಮ್ಮ ಮನೆಗೆ ಮಜ್ಜಿಗೆ ಬೇಡಲು ಬಂದವರಿಗೆ ನನ್ನ ಹೆಂಡತಿ ಒಂದು ಕಪ್ಪಿನಲ್ಲಿ ಅಳೆದು ಕೊಡುತ್ತಾಳೆ. ಸಾಮಾನ್ಯ ಕಪ್ಪಲ್ಲ. ಕೆಳಗೆ ಪೀಠ, ನಡುವೆ ಸಣ್ಣ ಸೊಂಟ, ಎರಡು ಬದಿಗೆ ಎರಡು ಕಿವಿ. ಒಂದು ಕಿವಿ ನಮ್ಮ ಹಿರಿಯ ಮಗ ನಡೆಯಲು ಕಲಿಯುವ ಕಾಲಕ್ಕೆ ಮುರಿದುಹೋಯಿತು. ಗೋಕಾಕದ ನಮ್ಮ ಓಣಿಯಲ್ಲಿ ಇಷ್ಟು ಠೀವಿಯ ಪಾತ್ರೆಯಲ್ಲಿ ಮಜ್ಜಿಗೆ ಹಂಚುವ ಮನೆ ಇನ್ನೊಂದಿಲ್ಲ.

ಅದು ನಾನು ಗೆದ್ದ ಕಪ್ಪು. ಹೈಸ್ಕೂಲಿನಲ್ಲಿದ್ದಾಗ ಓಟದ ಪಂದ್ಯದಲ್ಲಿ ಗೆದ್ದೆ. ಹೇಗೆ ಗೆದ್ದೆ ಎಂದು ಕೇಳಬಾರದು, ಆದರೂ ಹೇಳುತ್ತೇನೆ. ನಮ್ಮ ಶಾಲೆಯ ಖರೆ ಓಟಗಾರನಿಗೆ ಆ ವಾರ ಕಾಮಾಲೆ ಹಿಡಿದಿತ್ತು. ಓಡಲು ಬಂದವರಲ್ಲಿ ಇಬ್ಬರು ತಿರುವಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. ಅವರು ಬಿದ್ದದ್ದನ್ನು ನೋಡುತ್ತ ಇನ್ನೊಬ್ಬ ನಿಂತ. ನಾನು ನಿಲ್ಲಲಿಲ್ಲ, ಏಕೆಂದರೆ ನನ್ನ ಬೆನ್ನ ಹಿಂದೆ ಒಂದು ನಾಯಿ ಬರುತ್ತಿತ್ತು. ದಾರ ಹರಿದು ನಾನು ಮುಂದೆ ಹೋದಾಗ ಜನ ಚಪ್ಪಾಳೆ ತಟ್ಟಿದರು. ನಾಯಿ ಮಾತ್ರ ನಿರಾಶೆಯಿಂದ ಹಿಂದಿರುಗಿತು. ಹೀಗೆ ನಾನು ಚಾಂಪಿಯನ್ ಆದೆ. ಆ ಮಾತನ್ನು ಕಪ್ಪಿನ ಹೊಟ್ಟೆಯ ಮೇಲೆ ಇಂಗ್ಲಿಷಿನಲ್ಲಿ ಕೆತ್ತಿದ್ದಾರೆ.

ಮೇಲಿನ ಬೆಳ್ಳಿಯ ಬಣ್ಣ ಎಂದೋ ಹೋಗಿ ಒಳಗಿನ ಹಿತ್ತಾಳೆ ಹೊರಗೆ ಬಂದಿದೆ. ಹಿತ್ತಾಳೆಯಲ್ಲಿ ಮಜ್ಜಿಗೆ ಇಟ್ಟರೆ ಕಿಲುಬು ಏಳುತ್ತದೆ. ಆದ್ದರಿಂದ ಮೊನ್ನೆ ಹುಕ್ಕೇರಿಯ ಕಲಾಯಿಗಾರ ಬಾಬಾಸಾಬ ಓಣಿಗೆ ಬಂದು ಬೇವಿನ ಗಿಡದ ಕೆಳಗೆ ಇದ್ದಿಲಿಗೆ ಗಾಳಿಯೂದುವ ತಿದಿ ಹೂಡಿದಾಗ, ಹೆಂಡತಿ ಕೊಳಗ ತಪೇಲಿಗಳ ಜೊತೆಗೆ ನನ್ನ ಕೀರ್ತಿಯನ್ನೂ ಒಯ್ದು ಅವನ ಮುಂದಿಟ್ಟಳು. ಯುದ್ಧದ ದೆಸೆಯಿಂದ ತವರ ಸಿಗುವುದೇ ಕಷ್ಟವಾಗಿದೆ, ಇಂಥದ್ದಕ್ಕೆಲ್ಲ ಯಾಕೆ ಎಂದು ನಾನು ಗೊಣಗಿದೆ. ನನ್ನ ಗೊಣಗಾಟವನ್ನು ನಮ್ಮ ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಾಬಾಸಾಬ ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದ.

"ಮಾಸ್ತರ, ಇದರ ಮ್ಯಾಲ ಇಂಗ್ಲೀಷಿನ್ಯಾಗ ಏನೋ ಕೆತ್ತ್ಯಾರಲ್ರಿ. ಏನದು?"

"ಚಾಂಪಿಯನ್ ಅಂತ ಬರದಾರ."

"ಹಂಗಂದ್ರ?"

"ಎಲ್ಲಾರನ್ನೂ ಸೋಲಿಸಿದಾಂವ ಅಂತ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ. ನನ್ನ ಹೊಟ್ಟೆಯ ಹತ್ತಿರ ಅವನ ಕಣ್ಣು ಸ್ವಲ್ಪ ಹೊತ್ತು ನಿಂತಿತು. "ನೀವೇನ್ರಿ?" ಎಂದ. ಆ ದನಿಯಲ್ಲಿ ಕುಚೋದ್ಯವಿರಲಿಲ್ಲ. ಶುದ್ಧ ಆಶ್ಚರ್ಯವಿತ್ತು. ಅದೇ ನನಗೆ ನಾಟಿತು. ಇಂಗ್ಲಿಷ್ ಕಲಿಸುವ ಮಾಸ್ತರ ನಾನು. ಶಬ್ದದ ಮಾನವನ್ನಾದರೂ ಉಳಿಸೋಣವೆಂದು ಒಳಗೆ ಹೋಗಿ ದೊಡ್ಡ ಕೋಶವನ್ನು ಎತ್ತಿ ತಂದೆ. ಕನ್ನಡಕ ಏರಿಸಿ ಓದಿದೆ. ಓದುತ್ತ ಓದುತ್ತ ನನ್ನ ದನಿ ಇಳಿಯಿತು.

"ಏನಂತೈತ್ರಿ ಪುಸ್ತಕ?" ಎಂದ ಬಾಬಾಸಾಬ.

"ಮೊದಲ ಈ ಮಾತಿಗೆ ಬ್ಯಾರೆ ಅರ್ಥ ಇತ್ತಂತ. ತಮಗ ಬಡದಾಡಾಕ ಆಗದವರ ಸಲುವಾಗಿ ಕಣಕ್ಕ ಇಳಿಯಾಂವ ಚಾಂಪಿಯನ್ ಅಂತ."

ಅವನು ತಿದಿ ಒತ್ತುವುದನ್ನು ನಿಲ್ಲಿಸಿದ. "ಹಂಗಾರ ನೀವು ಯಾರ ಸಲುವಾಗಿ ಓಡಿದ್ರಿ?"

ಒಳಗಿನಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು. ನಾಯಿಯ ಸಂಗತಿ ಅವಳಿಗೆ ಗೊತ್ತು.

ಈ ಮಾತು ನಮ್ಮ ಸೀಮೆಗೆ ಯಾವಾಗ ಬಂತೋ ತಿಳಿಯದು. ಬಂದದ್ದೇ ಎಲ್ಲರ ಬಾಯಿಗೆ ಬಿತ್ತು. ಮೂಡಲಗಿಯ ಪೇಟೆಯಲ್ಲಿ ಒಂದು ಕ್ಷೌರದಂಗಡಿಗೆ 'ಚಾಂಪಿಯನ್' ಎಂದು ಹಲಗೆ ಹಾಕಿದ್ದರು. ಯಾರನ್ನು ಗೆದ್ದೆಯಪ್ಪಾ ಎಂದು ಕೇಳಿದರೆ ಅಂಗಡಿಯವನು, "ಇನ್ನೂ ಯಾರ ಕಿವೀನೂ ಕೊಯ್ದಿಲ್ರಿ" ಎಂದು ಹೆಮ್ಮೆಯಿಂದ ಹೇಳಿದ. ಹುಕ್ಕೇರಿಗೆ ಒಮ್ಮೆ ಒಂದು ನಾಟಕ ಕಂಪನಿ ಬಂದಿತ್ತು. ಅದರ ಹಸ್ತಪತ್ರಿಕೆಯಲ್ಲಿ ನಾಯಕಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ 'ಚಾಂಪಿಯನ್ ಪೇಟಿ ಮಾಸ್ತರ' ಎಂದು ಅಚ್ಚಾಗಿತ್ತು. ಆಟ ನೋಡಿದ ಮೇಲೆ ಆ ಬಿರುದು ಸರಿಯಾದದ್ದೇ ಎನಿಸಿತು. ಹಾಡುವವರನ್ನೆಲ್ಲ ಆತ ಸೋಲಿಸಿದ್ದ. ಹಾರ್ಮೋನಿಯಂ ಪೇಟಿಯ ಅಬ್ಬರದಲ್ಲಿ ಒಬ್ಬರ ದನಿಯೂ ನಮಗೆ ಮುಟ್ಟಲಿಲ್ಲ.

ಕೋಶ ಹೇಳುವ ಪ್ರಕಾರ ಈ ಮಾತಿನ ಬೇರು ಲ್ಯಾಟಿನ್ನಿನಲ್ಲಿದೆ. ಅಲ್ಲಿ 'ಕಾಂಪುಸ್' ಎಂದರೆ ಬಯಲು, ಹೊಲ. ಬಯಲಿಗೆ ಇಳಿದು ಕಾದುವವನು 'ಕಾಂಪಿಯೋ'. ಫ್ರೆಂಚರ ಬಾಯಲ್ಲಿ ಹೊರಳಿ ಅದು ಚಾಂಪಿಯನ್ ಆಯಿತು. ನಮ್ಮಲ್ಲಿಯೂ ಜೋಳದ ರಾಶಿ ಮಾಡುವ ಜಾಗ ಕಣವೇ, ಪೈಲವಾನರು ಮಣ್ಣು ಮುಕ್ಕಿಸುವ ಜಾಗವೂ ಕಣವೇ. ಮನುಷ್ಯ ಎಲ್ಲಿಯವನಾದರೂ ಹೊಡೆದಾಡುವುದಕ್ಕೆ ಮೊದಲು ನೆಲ ಹುಡುಕುತ್ತಾನೆ.

ಆ ದೇಶಗಳಲ್ಲಿ ಒಂದು ಕಾಲಕ್ಕೆ, ವ್ಯಾಜ್ಯ ಸಾಕ್ಷಿಯಿಂದ ತೀರದಿದ್ದರೆ, ಬಡಿದಾಡಿ ತೀರಿಸಿಕೊಳ್ಳಿ ಎನ್ನುತ್ತಿದ್ದರಂತೆ. ಗೆದ್ದವನ ಮಾತು ಖರೆ. ಆದರೆ ವಿಧವೆ ಏನು ಮಾಡಬೇಕು? ಮುದುಕ ಏನು ಮಾಡಬೇಕು? ಅವರು ತಮ್ಮ ಬದಲು ಒಬ್ಬನನ್ನು ನಿಲ್ಲಿಸಬಹುದಿತ್ತು. ಅವನೇ ಚಾಂಪಿಯನ್. ಸೋತರೆ ಕೆಲವು ಕಡೆ ಅವನ ಕೈ ಕತ್ತರಿಸುತ್ತಿದ್ದರಂತೆ. ವ್ಯಾಜ್ಯ ಬೇರೆಯವರದು, ಕೈ ಇವನದು. ಅಂಥ ಮಾತನ್ನು ನಾವು ಕಿವಿ ಕೊಯ್ಯದ ಕ್ಷೌರಿಕನಿಗೂ ನಾಯಿಗೆ ಹೆದರಿ ಓಡಿದವನಿಗೂ ಕೊಟ್ಟುಬಿಟ್ಟಿದ್ದೇವೆ.

ಇದನ್ನು ಓದಿ ಕೋಶ ಮುಚ್ಚಿದೆ. ಆ ಮಾತಿನ ಹಳೆಯ ಅರ್ಥಕ್ಕೆ ಸಲ್ಲುವವನನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂಬುದು ಆಗ ಹೊಳೆಯಿತು. ಅವನು ಬಡಿದಾಡಲಿಲ್ಲ. ಒಂದು ಬುಟ್ಟಿ ಮಣ್ಣು ಹೊತ್ತು ನಡೆದ, ಅಷ್ಟೇ. ಈಗಲೂ ನೆನೆದರೆ ನನ್ನ ಮೈಮೇಲೆ ಮುಳ್ಳೇಳುತ್ತವೆ.

ನನ್ನ ಸೋದರತ್ತೆ ನೀಲವ್ವನನ್ನು ಕೊಟ್ಟದ್ದು ಘೋಡಗೇರಿಯ ಆಚೆ, ಹೊಳೆಯ ದಂಡೆಯ ಒಂದು ಊರಿಗೆ. ಗಂಡ ಈರಪ್ಪ ದುಡಿಮೆಗಾರ. ಮಕ್ಕಳಾಗಲಿಲ್ಲ. ಅವನು ತೀರಿಕೊಂಡಾಗ ನಮ್ಮವರ ಪದ್ಧತಿಯಂತೆ ಹೊಲದಲ್ಲಿಯೇ, ಹೊಳೆಯ ಕಡೆಯ ಬೇವಿನ ಗಿಡದ ಹತ್ತಿರ, ಸಮಾಧಿ ಮಾಡಿದರು. ಅತ್ತೆ ಪ್ರತಿ ಸೋಮವಾರ ಅಲ್ಲಿಗೆ ಹೋಗಿ ಕಲ್ಲಿನ ಕಟ್ಟೆಯನ್ನು ತೊಳೆದು, ಇಬತ್ತಿ ಹಚ್ಚಿ, ಒಂದು ಹೂವಿಟ್ಟು ಬರುತ್ತಿದ್ದಳು. ಮಳೆಯಿರಲಿ ಬಿಸಿಲಿರಲಿ, ಒಂದು ಸೋಮವಾರವೂ ತಪ್ಪುತ್ತಿರಲಿಲ್ಲ. ಬೈಗುಳದಲ್ಲಿಯೂ ಪ್ರೀತಿಯಲ್ಲಿಯೂ ಧಾರಾಳವಾದ ಹೆಂಗಸು. ನನಗೆ ಮಾಸ್ತರಿಕೆ ಸಿಕ್ಕ ಹೊಸದರಲ್ಲಿ ಕೋಟು ಹಾಕಿಕೊಂಡು ಅವಳ ಮನೆಗೆ ಹೋಗಿದ್ದೆ. "ಛಳಿ ಹತ್ತೇತೇನ್ ತಮ್ಮಾ?" ಎಂದು ಕೇಳಿ, ನಡು ಬೇಸಿಗೆಯಲ್ಲಿ ನನಗೆ ಕಷಾಯ ಕುಡಿಸಿದಳು.

ಅದರ ಮುಂದಿನ ಮಳೆಗಾಲಕ್ಕೆ ಹೊಳೆ ಉಕ್ಕಿ ಹೊಲಗಳನ್ನು ನುಂಗಿತು. ನೀರು ಇಳಿದ ಮೇಲೆ ನೋಡಿದರೆ ಎಲ್ಲ ಒಂದೇ ಬಯಲು. ಅತ್ತೆಯ ಹೊಲಕ್ಕೂ ಪಕ್ಕದ ಬಸಲಿಂಗಪ್ಪನ ಹೊಲಕ್ಕೂ ನಡುವೆ ಇದ್ದ ಬದು ಇಲ್ಲ, ಮುಳ್ಳಿನ ಬೇಲಿ ಇಲ್ಲ, ಬೇವಿನ ಗಿಡವೂ ಇಲ್ಲ. ಮೇಲೆ ರಸ್ತೆಯ ಬಾಜೂಕಿನ ಒಂದು ಗಡಿಯ ಬಾಂದಗಲ್ಲು ಉಳಿದಿತ್ತು. ಕೆಳಗೆ ಈರಪ್ಪನ ಸಮಾಧಿ, ಕಟ್ಟೆಯ ಅರ್ಧ ಮಟ್ಟ ಹೂಳಿನಲ್ಲಿ ಮುಳುಗಿ ಉಳಿದಿತ್ತು.

ಸಮಾಧಿಯ ಆಚೆ ಬದು ಇತ್ತು, ಸಮಾಧಿ ನಮ್ಮ ಹೊಲದಲ್ಲಿತ್ತು ಎಂಬುದು ಅತ್ತೆಯ ಕಡೆಯ ಮಾತು. ಬಸಲಿಂಗಪ್ಪ ಈರಪ್ಪನಿಗೆ ದೂರದ ತಮ್ಮನಾಗಬೇಕು. ಹರೆಯದಲ್ಲಿ ಗೋಕಾಕ ಜಲಪಾತದ ನೂಲಿನ ಗಿರಣಿಗೆ ಕೆಲಸಕ್ಕೆ ಹೋಗಿ, ತಂದೆ ತೀರಿದ ಮೇಲೆ ಊರಿಗೆ ಬಂದು ಒಕ್ಕಲುತನ ಹಿಡಿದವನು. ಒಳ್ಳೆಯ ಮನುಷ್ಯ, ಆದರೆ ಹಿಡಿದದ್ದನ್ನು ಬಿಡುವವನಲ್ಲ.

"ವೈನಿ, ಅಣ್ಣನ ಸಮಾದಿ ಕೀಳಾಕ ನಾ ಏನ್ ರಾಕ್ಷಸ ಅಲ್ಲ. ಖರೆ ಅದು ನಿಂತಿದ್ದು ನಮ್ಮ ನೆಲದಾಗ. ನಮ್ಮಪ್ಪ ಸಾಯೂತನಕಾ ಅದನ್ನ ಅಂತಿದ್ದಾ," ಎಂದ.

ಅತ್ತೆ ಸಮಾಧಿಯ ಮೇಲಿನ ಹೂಳನ್ನು ಬಳಿಯುತ್ತ ಕೂತಳು. ನಾನು ಅನ್ನಬೇಕಾದದ್ದನ್ನೆಲ್ಲ ಅಂದೆ. ಸುದ್ದಿ ಕೇಳಿ ಗೋಕಾಕದಿಂದ ಓಡಿ ಬಂದಿದ್ದೆ. ಗಂಡನ ಸಮಾಧಿಯೇ ಪರರ ಪಾಲಾದರೆ ಈ ಹೆಂಗಸಿಗೆ ಉಳಿದದ್ದೇನು ಎಂದು ನನ್ನ ರಕ್ತ ಕುದಿಯುತ್ತಿತ್ತು. ಹುಕ್ಕೇರಿಯ ಕಚೇರಿಗೆ ಅರ್ಜಿ ಕೊಟ್ಟು, ಮೋಜಣಿಯವರನ್ನು ಕರೆಸಿ ಹೊಲ ಅಳೆಸೋಣ ಎಂದೆ.

"ಅವರು ಬರೂತನಕಾ ಹದಾ ಆರಿ ಹೊಕ್ಕೇತಿ ತಮ್ಮಾ," ಎಂದಳು ಅತ್ತೆ. "ಹೊಲಾ ಕಾಯಂಗಿಲ್ಲ. ಅವಂಗೂ ಬಿತ್ತೂದು ಐತಿ, ನನಗೂ ಐತಿ. ಮಣ್ಣು ಹೊರಸೂಣು."

ಆ ಕಡೆ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ಗಡಿಯ ತಂಟೆ ಬಂದಾಗ ಎರಡೂ ಕಡೆಯವರು ಒಪ್ಪಿದ ಒಬ್ಬನನ್ನು ಆರಿಸುತ್ತಾರೆ. ಅವನು ಅವರ ಸಂಬಂಧಿಕನಾಗಿರಬಾರದು, ಆ ಹೊಲದ ಕಾಳು ತಿನ್ನುವವನಾಗಿರಬಾರದು. ಎರಡೂ ಹೊಲದ ಮಣ್ಣನ್ನು ಹೊಳೆಯ ನೀರಿನಲ್ಲಿ ಕಲಸಿ, ಹೊಸ ಬುಟ್ಟಿಯಲ್ಲಿ ತುಂಬಿ ಅವನ ತಲೆಯ ಮೇಲೆ ಇಡುತ್ತಾರೆ. ತನಗೆ ಎಲ್ಲಕ್ಕಿಂತ ಪ್ರೀತಿಯದು ಯಾವುದೋ ಅದರ ಮೇಲೆ ಆಣೆ ಇಟ್ಟು ಅವನು ಬರಿಗಾಲಲ್ಲಿ ಖರೆ ಗಡಿಯ ಮೇಲೆ ನಡೆಯಬೇಕು. ನಿಲ್ಲಬಾರದು, ಮಾತಾಡಬಾರದು, ಹಿಂದೆ ನೋಡಬಾರದು. ಅವನ ಹಿಂದೆ ಒಬ್ಬ ಹಿರಿಯ ಬೂದಿ ಚೆಲ್ಲುತ್ತ ಹೋಗುತ್ತಾನೆ. ಆ ಬೂದಿಯ ಗೆರೆಯೇ ಮುಂದೆ ಬದು. ಮಣ್ಣು ಹೊತ್ತು ಸುಳ್ಳು ನಡೆದವನ ಮನೆಯಲ್ಲಿ ತೊಟ್ಟಿಲು ತೂಗುವುದಿಲ್ಲ ಎಂದು ಊರಿಗೆ ಊರೇ ನಂಬುತ್ತಿತ್ತು.

"ನಾ ನಡೀಲೇನ್ ಅತ್ತಿ?" ಎಂದೆ. ಆಗಿನ್ನೂ ಹೊಟ್ಟೆ ಬಂದಿರಲಿಲ್ಲ.

"ನೀ ನನ್ನ ಅಣ್ಣನ ಮಗಾ. ನಿನ್ನ ನಡಿಗಿ ಯಾರು ಒಪ್ತಾರ? ಅದೂ ಅಲ್ದ ನೀ ಓಡಾಂವ. ಇದು ನಡ್ಯೂದು." ಕಪ್ಪಿನ ಸುದ್ದಿ ಅಲ್ಲಿಯವರೆಗೂ ಹೋಗಿತ್ತು.

ಅವಳು ದಸ್ತಗೀರನ ಹೆಸರು ಹೇಳಿದಳು.

ದಸ್ತಗೀರ ಪೈಲವಾನನನ್ನು ಆಗ ನಮ್ಮ ತಾಲೂಕುಗಳಲ್ಲಿ ಅರಿಯದವರಿರಲಿಲ್ಲ. ಗೋಕಾಕದ ಕಣದಲ್ಲಿ ಅವನ ಕುಸ್ತಿಯನ್ನು ನಾನು ನೋಡಿದ್ದೆ. ಮೂಡಲಗಿಯ ಕಡೆಯಿಂದ ಬಂದಿದ್ದ ಎದುರಾಳಿ ಗವಿಯ ಬಾಗಿಲಿನಷ್ಟಿದ್ದ. ದಸ್ತಗೀರ ಬಗ್ಗಿ ಕಣದ ಮಣ್ಣನ್ನು ಹಣೆಗೆ ಹಚ್ಚಿಕೊಂಡ, ಆಮೇಲೆ ಏನು ಮಾಡಿದನೋ ನನಗೆ ಕಾಣಿಸಲೇ ಇಲ್ಲ. ನೋಡುವಷ್ಟರಲ್ಲಿ ಆ ಅಷ್ಟು ದೊಡ್ಡ ಮನುಷ್ಯ ಮೋಡ ನೋಡುತ್ತ ಮಲಗಿದ್ದ. ಬೆಳ್ಳಿಯ ಕಡಗ ತೊಡಿಸಿದರು. ಕಚೇರಿಯ ಗುಮಾಸ್ತರೊಬ್ಬರು "ಚಾಂಪಿಯನ್" ಎಂದು ಕೂಗಿದರು. ಹೆಗಲ ಮೇಲೆ ಹೊತ್ತು ಮೆರೆಸುವಾಗ ಅವನು ಮಾತ್ರ ನಾಚಿಕೊಂಡು ನೆಲ ನೋಡುತ್ತಿದ್ದ.

ಅವನ ಆ ಮೈಯಲ್ಲಿ ನಮ್ಮ ಅತ್ತೆಯ ಎಮ್ಮೆಯ ಹಾಲೂ ಇತ್ತು. ತಂದೆಯಿಲ್ಲದ ಹುಡುಗ ತಾಲೀಮಿಗೆ ಹೋಗುತ್ತಾನೆಂದು ಮೊದಲಿನಿಂದಲೂ ಅವನಿಗೆ ದಿನಾ ಒಂದು ಚೆಂಬು ಹಾಲು ಎತ್ತಿಡುತ್ತಿದ್ದಳು. ನಸುಕಿನಲ್ಲಿ ಅವನು ಇದೇ ಹೊಲದ ಬದುವಿನ ಮೇಲೆ ಹೊಳೆಯವರೆಗೆ ಓಡಿ ಹೋಗಿ ಬಂದು, ಅವಳ ಮನೆಯ ಕಟ್ಟೆಯ ಮೇಲೆ ಕೂತು ಹಾಲು ಕುಡಿಯುತ್ತಿದ್ದ. "ಯವ್ವಾ" ಎಂದು ಅವನು ಕರೆಯುತ್ತಿದ್ದದ್ದು ತನ್ನ ತಾಯಿಯನ್ನು ಬಿಟ್ಟರೆ ಇವಳೊಬ್ಬಳನ್ನೇ. ಕಡಗ ಗೆದ್ದ ದಿನ ಮೊದಲು ತಂದು ತೋರಿಸಿದ್ದೂ ಇವಳಿಗೇ.

ಇದು ಊರಿಗೆಲ್ಲ ಗೊತ್ತು. ಬಸಲಿಂಗಪ್ಪ ಒಪ್ಪಲಿಕ್ಕಿಲ್ಲ ಎಂದುಕೊಂಡೆವು. ಅವನು ಸ್ವಲ್ಪ ಹೊತ್ತು ಕಡ್ಡಿಯಿಂದ ನೆಲ ಕೆರೆಯುತ್ತ ಕೂತ. "ಆಗಲಿ. ಹಾಲು ಕುಡದಾನ ಖರೆ, ಆದ್ರ ಅಂವಾ ಮಣ್ಣು ಹೊತ್ತು ಸುಳ್ಳು ನಡ್ಯಾಂವಲ್ಲ," ಎಂದ. ನನಗೆ ಒಳಗೊಳಗೆ ಖುಷಿಯಾಯಿತು. ನಾವು ಗೆದ್ದೆವು ಎಂದೇ ತಿಳಿದೆ.

ಅವತ್ತು ಸಂಜೆ ದಸ್ತಗೀರ ಬಂದ. ಕಟ್ಟೆಯ ಅಂಚಿನಲ್ಲಿ ಕೂತ. ಅವನ ಹೆಂಡತಿ ಹೆತ್ತು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಮೊದಲು ಹುಟ್ಟಿದವು ಯಾವುವೂ ಉಳಿದಿರಲಿಲ್ಲ. ಈ ಹೆಣ್ಣು ಕೂಸು ಉಳಿದಿತ್ತು. ಊರ ಹೆಂಗಸರೆಲ್ಲ ತಮ್ಮ ತಮ್ಮ ದೇವರಿಗೆ ಹರಕೆ ಹೊತ್ತು ಉಳಿಸಿಕೊಂಡ ಕೂಸು ಅದು. ಆಣೆ ಇಡುವುದೆಂದರೆ ಅದರ ಮೇಲೆಯೇ.

"ಯವ್ವಾ, ಬ್ಯಾರೆದವರ್ನ ಕರೀರಿ," ಎಂದ.

"ಯಾಕೋ?"

"ನನಗ ಆಗೂದಿಲ್ರಿ."

"ಕೂಸಿನ ಸಲುವಾಗಿ ಅಂಜತೀ?"

"ಅದಕ್ಕೂ ಅಂಜತೇನಿ." ತಲೆ ತಗ್ಗಿಸಿದ. "ನಿಮಗೂ ಅಂಜತೇನಿ."

ಅತ್ತೆ ಅವನ ಎದುರು ಬಂದು ಕೂತಳು. "ನೋಡ ದಸ್ತಗೀರಾ, ನಡದ್ರ ನೀನ ನಡೀಬೇಕು. ಬ್ಯಾರೆ ಯಾರೂ ನನಗ ಬ್ಯಾಡ. ನಿನ್ನ ಕಾಲಿಗೆ ಗೊತ್ತಿದ್ದದ್ದ ನಡಿ. ನನ್ನ ಮಾರಿ ನೋಡಬ್ಯಾಡ."

ಅವಳು ಒಳಗೆ ಹೋಗಿ ಹಾಲಿನ ಚೆಂಬು ತಂದಳು. "ಇವತ್ತ ಬ್ಯಾಡ್ರಿ ಯವ್ವಾ," ಎಂದು ಎದ್ದು ಹೋದ. ಇಷ್ಟು ದೊಡ್ಡ ಪೈಲವಾನ ಒಂದು ಆಣೆಗೆ ಇಷ್ಟು ಹೆದರುವುದೇ ಎಂದು ನನಗೆ ಬೇಸರವಾಯಿತು. ಕಲಿತವನ ಜಂಬ ನೋಡಿ; ನನಗೆ ಆಣೆ ಎಂದರೆ ಪಾಠದ ನಡುವೆ ಮಕ್ಕಳು ಇಡುವಂಥದ್ದು.

ಮರುದಿನ ಬಿಸಿಲೇರುವ ಮೊದಲೇ ಜನ ರಸ್ತೆಯ ಬಾಂದಗಲ್ಲಿನ ಹತ್ತಿರ ನೆರೆದಿದ್ದರು. ಅಲ್ಲಿಂದ ಕೆಳಗೆ ಹೊಳೆಯವರೆಗೆ ನಡೆಯಬೇಕು. ಬಲಕ್ಕೆ ಅತ್ತೆಯ ಹೊಲ, ಎಡಕ್ಕೆ ಬಸಲಿಂಗಪ್ಪನದು. ಸಮಾಧಿ ಬಲಕ್ಕೆ ಉಳಿದರೆ ಅತ್ತೆಯದು, ಎಡಕ್ಕೆ ಉಳಿದರೆ ಬಸಲಿಂಗಪ್ಪನದು. ಇಷ್ಟೇ ಸಂಗತಿ. ಅತ್ತೆ ಇಬತ್ತಿ ಹಚ್ಚಿಕೊಂಡು, ಸೆರಗನ್ನು ಬಿಗಿಯಾಗಿ ಹೊದ್ದು, ಸಮಾಧಿಯ ಬಳಿ ಹೋಗಿ ನಿಂತಿದ್ದಳು.

ದಸ್ತಗೀರ ಸ್ನಾನ ಮಾಡಿ ಬಂದಿದ್ದ. ಅಂಗಿ ಕಳಚಿದ. ಕೈಯಿಂದ ಬೆಳ್ಳಿಯ ಕಡಗವನ್ನು ತಿರುಗಿಸಿ ತೆಗೆದು ನನ್ನ ಕೈಗೆ ಕೊಟ್ಟ. ಅದು ಇನ್ನೂ ಬೆಚ್ಚಗಿತ್ತು. ಹಿರಿಯರು ಅವನ ತಲೆಗೆ ಅರಿವೆಯ ಸಿಂಬಿ ಇಟ್ಟು ಅದರ ಮೇಲೆ ಬುಟ್ಟಿ ಇಟ್ಟರು. ಅವನು ಭೂಮಿತಾಯಿಯ ಮೇಲೆ, ತಮ್ಮ ಪೀರನ ಮೇಲೆ, ಕೂಸಿನ ಮೇಲೆ ಆಣೆ ಇಟ್ಟ.

ನಡೆಯಲು ಹತ್ತಿದ. ನಮ್ಮ ಕಡೆ ಯಾವ ಮುದುಕಿಯಾದರೂ ದಿನವಹಿ ಅಂಥ ಬುಟ್ಟಿ ಹೊರುತ್ತಾಳೆ. ಇವನು ಆಳೆತ್ತರದ ಪೈಲವಾನರನ್ನು ಎತ್ತಿ ಒಗೆದವನು. ಆದರೆ ಆ ಬುಟ್ಟಿಯ ಕೆಳಗೆ ಅವನು ಒಂದೊಂದು ಹೆಜ್ಜೆಯನ್ನೂ ಕಿತ್ತು ಕಿತ್ತು ಇಡುತ್ತಿದ್ದ. ಕೆಸರು ನೀರು ಬುಟ್ಟಿಯ ಸಂದಿನಿಂದ ಇಳಿದು ಹಣೆ, ಕಣ್ಣು, ಎದೆಯ ಮೇಲೆ ಹರಿಯುತ್ತಿತ್ತು, ಒರೆಸಿಕೊಳ್ಳುವ ಹಾಗಿಲ್ಲ. ಹಿಂದೆ ಬೂದಿಯ ಗೆರೆ ಮೂಡುತ್ತಿತ್ತು. ಹೊಳೆಯ ಸಪ್ಪಳವೊಂದೇ ಕೇಳುತ್ತಿತ್ತು. ಗುಡಿಯಲ್ಲಿ ನಿಂತಾಗಲೂ ನನಗೆ ಹಾಗೆ ಆದದ್ದಿಲ್ಲ. ನಾನು ಅರಿಯದೆಯೇ ಕಾಲಿನ ಬೂಟುಗಳನ್ನು ಕಳಚಿ ಕೈಯಲ್ಲಿ ಹಿಡಿದಿದ್ದೆ.

ಅವನು ನೆಲ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿದ್ದವೋ ಕೆಸರಿನಿಂದ ತುಂಬಿದ್ದವೋ ತಿಳಿಯದು. ಬರೀ ಕಾಲು ನಡೆಸಿದ ಹಾಗೆ ನಡೆಯುತ್ತಿದ್ದ. ಸಮಾಧಿ ಹತ್ತಿರವಾಯಿತು. ಅತ್ತೆ ಅಲ್ಲಿಯೇ ನಿಂತಿದ್ದಳು. ಅವನ ಬಲಗಾಲು ಮೇಲೆದ್ದದ್ದು ಹಾಗೆಯೇ ಗಾಳಿಯಲ್ಲಿ ನಿಂತಿತು. ನಿಂತ, ಕೆಟ್ಟಿತು ಎಂದುಕೊಂಡೆ. ಕಾಲು ಕೆಳಗಿಳಿಯಿತು. ಸಮಾಧಿಯ ಈ ಬದಿಗೆ, ಅತ್ತೆಯ ಹೊಲದ ಬದಿಗೆ ಇಳಿಯಿತು. ಇನ್ನೊಂದು ಹೆಜ್ಜೆಯೂ ಹಾಗೆಯೇ. ಸಮಾಧಿ ಅವನ ಎಡಕ್ಕೆ ಉಳಿಯಿತು.

ಬೂದಿ ಚೆಲ್ಲುವ ಹಿರಿಯನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಗೆರೆ ಮುಂದುವರಿಯಿತು.

ಹೊಳೆಯ ದಂಡೆಯಲ್ಲಿ ಬುಟ್ಟಿ ಇಳಿಸಿ ದಸ್ತಗೀರ ಅಲ್ಲಿಯೇ ಕುಸಿದು ಕೂತ. ದೊಡ್ಡ ಮೈ ಅಲುಗುತ್ತಿತ್ತು, ಅಳುತ್ತಿದ್ದ. ಗೆದ್ದ ಬಸಲಿಂಗಪ್ಪ ತಲೆಯ ಪಟಕಾ ತೆಗೆದು ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. ಅಷ್ಟು ವರ್ಷದ ಹಾಲಿಗೆ ಇದೇ ಏನು ಎಂದು ಕೇಳಬೇಕೆಂದು ಹೊರಟವನು, ಅತ್ತೆಯ ಮುಖ ನೋಡಿ ನಿಂತೆ. ಆ ಮುಖದಲ್ಲಿ ದುಃಖವಿರಲಿಲ್ಲ. ಬೇನೆ ತಿಂದು ಹೆತ್ತವಳ ಮುಖದ ಹಾಗಿತ್ತು.

ಅವಳು ಗೆರೆಯ ಗುಂಟ ನಡೆದು ದಸ್ತಗೀರನ ಹತ್ತಿರ ಹೋದಳು.

"ಯವ್ವಾ, ತಪ್ಪಾತೇನ್ರಿ?" ಎಂದ.

ಅವಳು ಬಗ್ಗಿ ಸೆರಗಿನಿಂದ ಅವನ ಕಣ್ಣಿನ ಕೆಸರು ಒರೆಸಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ತಪ್ಪಿಲ್ಲಪಾ. ಖರೆ ನಡದಿ. ನಮ್ಮವರು ವರ್ಷಾ ಒಂದೊಂದ ಸಾಲು ಬದು ಬಸಲಿಂಗನ ಹೊಲದ ಕಡೆ ಸರಸ್ತಿದ್ರು. ಬುತ್ತಿ ತಗೊಂಡ ಬಂದಾಗ ನಾ ಕಣ್ಣಿಲೆ ನೋಡೇನಿ. ಇದ್ದಾಗ ಕೇಳಾಕ ಅಂಜಿದೆ, ಹ್ವಾದ ಮ್ಯಾಲ ಹೇಳಾಕ ಅಂಜಿದೆ. ಮಣ್ಣಾದ ಗಂಡನ ಮ್ಯಾಲ ನನ್ನ ಬಾಯಿಲೆ ಹೆಂಗ ಹೇಳ್ಲಿ? ನೀ ಸಣ್ಣಾಂವಿದ್ದಾಗಿಂದ ಆ ಬದುವಿನ ಮ್ಯಾಲ ಓಡಿ ಬೆಳದಾಂವ, ಅದು ಮೊದಲ ಎಲ್ಲಿತ್ತು ಅನ್ನೂದು ನಿನಗ ಗೊತ್ತಿರತೈತಿ, ನೀ ಸುಳ್ಳ ನಡ್ಯಂಗಿಲ್ಲ ಅಂತ ನಿನ್ನ ಕರದೆ."

ಬುಟ್ಟಿಯಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡಳು. "ಇಷ್ಟ ವರ್ಷ ಈ ಮಣ್ಣು ನಮ್ಮವರ ತಲಿ ಮ್ಯಾಲ ಇತ್ತು. ಇವತ್ತ ನೀ ಇಳಿಸಿದಿ."

ನಾನು ಕೋಶದಲ್ಲಿ ಚಾಂಪಿಯನ್ ಎಂಬ ಮಾತಿಗೆ ಓದಿದ್ದು ಬದುಕಿರುವವರ ಬದಲು ನಿಲ್ಲುವವನ ಸಂಗತಿ. ಸತ್ತವನ ಭಾರವನ್ನೂ ಒಬ್ಬನು ಹೊತ್ತು ಇಳಿಸಬಲ್ಲ ಎಂಬುದು ಆ ಕೋಶದಲ್ಲಿ ಬರೆದಿಲ್ಲ. ದಸ್ತಗೀರನಿಗೂ ತಾನು ಯಾರ ಸಲುವಾಗಿ ನಡೆಯುತ್ತಿದ್ದೇನೆ ಎಂಬುದು ನಡೆದು ಮುಗಿದ ಮೇಲೆಯೇ ತಿಳಿದದ್ದು. ಹಾಲು ಕೊಟ್ಟವಳಿಗೆ ಎರಡು ಬಗೆದೆ ಎಂದುಕೊಂಡೇ ಅವನು ಆ ಹೆಜ್ಜೆಯನ್ನು ಇಟ್ಟಿದ್ದ. ಇಟ್ಟ ಎಂಬುದೇ ನನಗೆ ಇವತ್ತಿಗೂ ಬೆರಗು. ನನ್ನ ಕೈಯಿಂದ ಕಡಗ ಇಸಿದುಕೊಂಡವನು ಅದನ್ನು ಮತ್ತೆ ತೊಡಲಿಲ್ಲ. ಕೂಸಿನ ಆಟಕ್ಕೆಂದು ತೊಟ್ಟಿಲಿಗೆ ಕಟ್ಟಿದ. ಮುಂದೆ ಆ ತೊಟ್ಟಿಲು ಖಾಲಿ ಇದ್ದದ್ದನ್ನು ನಾನು ನೋಡಲಿಲ್ಲ. ಆ ಕೂಸಿನ ಬೆನ್ನಿಗೆ ತಮ್ಮಂದಿರು ಬಂದರು, ಅವರೂ ಆ ಕಡಗವನ್ನೇ ಹಿಡಿದು ಆಡಿದರು.

ಇದನ್ನೆಲ್ಲ ಬಾಬಾಸಾಬನಿಗೆ ಹೇಳಿ ಮುಗಿಸುವಷ್ಟರಲ್ಲಿ ಅವನ ಇದ್ದಿಲು ಬೂದಿ ಹಿಡಿದಿತ್ತು. ಮತ್ತೆ ತಿದಿ ಒತ್ತಿ, ನವಸಾಗರದ ಪುಡಿ ಉದುರಿಸಿ, ತವರ ಬಳಿದು, ಅರಿವೆಯಿಂದ ತಿಕ್ಕಿದ. ಕಪ್ಪು ಹೊಳೆಯತೊಡಗಿತು.

"ಮಾಸ್ತರ, ಈ ಹೆಸರು ತಿಕ್ಕಿ ಅಳಿಸಿಬಿಡ್ಲೇನ್ರಿ?" ಎಂದ. ನನ್ನ ಮುಖ ನೋಡಿ ಅವನಿಗೆ ಹಾಗೆ ಅನಿಸಿರಬೇಕು.

"ಬ್ಯಾಡ, ಇರಲಿ," ಎಂದೆ. "ನನ್ನದಲ್ಲದಿದ್ರೂ ಮನ್ಯಾಗ ಇರಲಿ."

ಅತ್ತೆ ಆಮೇಲೂ ಬಹಳ ವರ್ಷ ಬದುಕಿದಳು. ಬಸಲಿಂಗಪ್ಪನ ನೇಗಿಲು ಒಮ್ಮೆಯೂ ಸಮಾಧಿಯ ಹತ್ತಿರ ಸುಳಿಯಲಿಲ್ಲ, ಸುತ್ತಲೂ ಜೋಳ ಆಳುದ್ದ ನಿಂತರೂ ಅಲ್ಲಿ ಒಂದು ಹಾಸಿಗೆಯಷ್ಟು ಜಾಗ ಹಾಗೆಯೇ ಇರುತ್ತಿತ್ತು. ಅತ್ತೆಯ ಸೋಮವಾರವೂ ತಪ್ಪಲಿಲ್ಲ. ನಾನು ಒಮ್ಮೆ ಜೊತೆಗೆ ಹೋಗಿದ್ದೆ. ಹೊಸ ಬದುವಿನ ಹತ್ತಿರ ಅವಳು ಹೂವಿನ ಬುಟ್ಟಿ ಹಿಡಿದು ನಿಂತುಬಿಟ್ಟಳು. ಹೊಲದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಆ ಬಯಲಿಗೆ ಕೇಳುವ ಹಾಗೆ ದನಿಯೆತ್ತಿ, "ಬಸಲಿಂಗಾ, ಒಳಗ ಬರಲೇನಪಾ?" ಎಂದು ಕೇಳಿದಳು. ಸ್ವಲ್ಪ ಹೊತ್ತು ಕಾದಳು. ಆಮೇಲೆ ಚಪ್ಪಲಿ ಈ ಬದಿಗೆ ಬಿಟ್ಟು, ಬದು ದಾಟಿ ಗಂಡನ ಕಡೆಗೆ ನಡೆದಳು.